ಮುನಿಕೆಂಪಮ್ಮ ಕಾರು ಪಳಗಿಸಿದ್ದು

ಲಿಫ್ಟಿನ ಹಗ್ಗವನ್ನು ಮೇಲೆ ಯಾವುದಕ್ಕೆ ಕಟ್ಟಿರುತ್ತಾರೆ ಎಂದು ಕೇಳಿ ತಿಳಿದುಕೊಳ್ಳದೆ ಮುನಿಕೆಂಪಮ್ಮ ಯಾವ ಲಿಫ್ಟನ್ನೂ ಹತ್ತಿದವಳಲ್ಲ. ನೀರಿನ ಟ್ಯಾಂಕರಿನವನನ್ನು ನಿಲ್ಲಿಸಿ, “ಟ್ಯಾಂಕು ಅರ್ಧ ತುಂಬಿದ್ರೆ ನೀರು ಕುಲುಕಾಡಿ ಗಾಡಿನೇ ಎಳೀತದಂತಲ್ಲ, ನಿಜವೇನಪ್ಪ?” ಎಂದು ವಿಚಾರಿಸಿದವಳು. ಶಾಲೆಗೆ ಹೋಗಿದ್ದು ಮೂರನೇ ಕ್ಲಾಸಿನವರೆಗೆ. ತಮ್ಮಂದಿರನ್ನು ಎತ್ತಿಕೊಳ್ಳುವುದಕ್ಕೆಂದು ಬಿಡಿಸಿದ ಮೇಲೆ ಕೇಳಿಯೇ ಕಲಿಯಬೇಕಾಯಿತು. ಪ್ರಶ್ನೆ ಹಾಕಿ ಸುಮ್ಮನಾಗುವ ಜನ ಬೇಕಾದಷ್ಟಿದ್ದಾರೆ. ಇವಳು ಹಾಗಲ್ಲ, ಉತ್ತರ ಮುಗಿಯುವ ತನಕ ಬಾಯಿ ಹಾಕದೆ ಕೂತು ಕೇಳುತ್ತಿದ್ದಳು. ಅದಕ್ಕೇ ಯಲಹಂಕದ ಪಕ್ಕದ ಅವರ ಊರು ಸಿಂಗಾಪುರದಲ್ಲಿ ಅವಳನ್ನು ಕಂಡರೆ ಕೇಬಲ್ಲಿನವನಿಂದ ಹಿಡಿದು ಕ್ರೇನಿನವನವರೆಗೆ ಎಲ್ಲರೂ ಒಂದು ಗಳಿಗೆ ನಿಲ್ಲುತ್ತಿದ್ದರು.

ಮೊಮ್ಮಗಳು ರಮ್ಯ ಹೊಸ ಕಾರನ್ನು ಮನೆಗೆ ತಂದ ದಿನ ನೆಂಟರೆಲ್ಲ ಕಾರಿನ ಸುತ್ತ ನಿಂತು ಫೋಟೊ ತೆಗೆಸಿಕೊಂಡರು. ಸೊಸೆ ಗೌರಮ್ಮ ಬೂದುಗುಂಬಳ ಒಡೆಸಿ ಚಕ್ರಕ್ಕೊಂದು ನಿಂಬೆಹಣ್ಣು ಇಟ್ಟಳು. ಮುನಿಕೆಂಪಮ್ಮ ಮಾತ್ರ ಕಾರಿನ ಮೈ ಮೇಲೆ ಬೆರಳಾಡಿಸುತ್ತ ನಿಂತಿದ್ದಳು. ಕಡುನೀಲಿ ಬಣ್ಣ, ಮೇಲೊಂದಿಷ್ಟು ಬೂದಿ ಹೊಡೆದ ಹಾಗೆ. ಈಗ ಮನೆ ಮೇಲೆ ಮನೆ ಎದ್ದಿರುವ ಈ ಜಾಗದಲ್ಲಿ ಒಂದು ಕಾಲಕ್ಕೆ ಅವರದೇ ದ್ರಾಕ್ಷಿ ತೋಟವಿತ್ತು. ಹಣ್ಣು ಮಾಗಿದಾಗ ಗೊಂಚಲಿಗೆ ಇದೇ ಬಣ್ಣ ಬರುತ್ತಿತ್ತು.

“ಭಾರಿ ಓಡ್ತದೆ ಅಂತೀಯ. ಮತ್ಯಾಕೆ ಮದುವೆ ದಿಬ್ಬಣ ಬಂದಂಗೆ ಬಂದೆ?” ಎಂದಳು.

“ಹೊಸ ಎಂಜಿನ್ ಅಜ್ಜಿ. ಪಳಗ್ಬೇಕು. ಎರಡು ಸಾವಿರ ಕಿಲೋಮೀಟರ್ ಆಗೋವರ್ಗೂ ಜೋರಾಗಿ ಒತ್ತಂಗಿಲ್ಲ.”

“ಕಬ್ಬಿಣ ಎಂಗೇ ಪಳಗ್ತದೆ? ಅದೇನು ಹೋರಿಯಾ?”

ರಮ್ಯ ಅಪ್ಪನ ಜೊತೆ ಕಟ್ಟಡದ ಕೆಲಸ ನೋಡಿಕೊಳ್ಳುವ ಎಂಜಿನಿಯರು. ಮೇಸ್ತ್ರಿಗಳಿಗೆ ಬಿಡಿಸಿ ಹೇಳಿ ಅಭ್ಯಾಸ. ಮೆಟ್ಟಿಲ ಮೇಲೆ ಅಜ್ಜಿಯನ್ನು ಕೂರಿಸಿಕೊಂಡು ಅವಳದೇ ಕೈಬಳೆಯನ್ನು ಹಿಡಿದು ತೋರಿಸಿದಳು.

“ಒಳಗೆ ಕೊಳವೆ ಇರುತ್ತೆ. ಅದ್ರಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತೆ. ಪಿಸ್ಟನ್ ಸುತ್ತ ಇಂಥ ಬಳೆಗಳಿವೆ. ಕೊಳವೆ ಗೋಡೆ ಕಣ್ಣಿಗೆ ನುಣ್ಣಗೆ ಕಂಡ್ರೂ ಸಣ್ಣ ಸಣ್ಣ ಗೀರು ಇರುತ್ತೆ. ಬಳೆನೂ ಗೋಡೆನೂ ಉಜ್ಜಿ ಉಜ್ಜಿ ಒಂದಕ್ಕೊಂದು ಒಗ್ಗಬೇಕು. ಮೊದ್ಲೇ ಜೋರು ಮಾಡಿದ್ರೆ ಕೆರ್ಕೊಂಡು ಹಾಳಾಗುತ್ತೆ.”

“ಒಸ ಬೀಸೋ ಕಲ್ಲಿನಂಗೆ ಅನ್ನು. ಮೊದ್ಲು ತೌಡು ಬೀಸಿ ಆಚೆ ಚೆಲ್ಲೋರು. ರಾಗಿನೇ ಹಾಕಿದ್ರೆ ಹಿಟ್ಟೆಲ್ಲ ಗರಗರ, ಕಲ್ಲುಪುಡಿ.”

“ಹ್ಞೂಂ, ಅದೇ. ಇದ್ರಲ್ಲೂ ಮೊದಲ್ನೇ ಆಯಿಲ್ ಚೆಲ್ತಾರೆ.”

ಮುನಿಕೆಂಪಮ್ಮನಿಗೆ ಬಹಳ ಖುಷಿಯಾಯಿತು. ಅಷ್ಟು ದೊಡ್ಡ ಕಾರಿನೊಳಗೆ ಒಂದು ಬೀಸುವ ಕಲ್ಲು ಕೂತಿದೆ ಎಂದು ತಿಳಿದ ಮೇಲೆ ಅದರ ಪಕ್ಕದಲ್ಲಿ ಓಡಾಡುವಾಗೆಲ್ಲ ಒಂದು ಸಲ ಮುಟ್ಟಿ ಹೋಗುತ್ತಿದ್ದಳು.

ಈ ಕಾರನ್ನು ರಮ್ಯ ತಂದಿದ್ದು ಯಲಹಂಕದ ಬೀದಿಯಲ್ಲಿ ಮೆರೆಯುವುದಕ್ಕಲ್ಲ. ತಮಿಳುನಾಡಿನಲ್ಲಿ ರೇಸ್ ಓಡಿಸುವ ಒಂದು ಟ್ರ್ಯಾಕಿದೆ, ಅಲ್ಲಿ ತಮ್ಮ ಸ್ವಂತ ಕಾರು ತಂದವರಿಗೂ ಒಂದು ದಿನ ಓಡಿಸಲು ಬಿಡುತ್ತಾರೆ. ಹೆಸರು ಕೊಟ್ಟಿದ್ದಳು, ಜಾಗ ಸಿಕ್ಕಿತ್ತು. ಆದರೆ ಎಂಜಿನ್ ಪಳಗಿ, ಎರಡು ಸಾವಿರದ ಸರ್ವೀಸ್ ಆಗದ ಕಾರನ್ನು ಅವರು ಒಳಗೇ ಬಿಡುವುದಿಲ್ಲ. ಅಪ್ಪ ಸುಬ್ರಮಣಿಗೆ ಈ ಹುಚ್ಚೇ ಹಿಡಿಸಿರಲಿಲ್ಲ. ಮಗಳ ಹಟಕ್ಕೆ ಸೋತು ಒಂದು ಮಾತು ಹೇಳಿದ್ದ: “ಒಂದೇ ಒಂದ್ಸಲ ಹೋಗ್ಬಾ. ಈ ಸಲ ಆಗ್ಲಿಲ್ಲ ಅಂದ್ರೆ ಆ ವಿಷ್ಯ ಮತ್ತೆ ಈ ಮನೇಲಿ ಎತ್ಕೂಡ್ದು.” ಹೂಂ ಎಂದು ಒಪ್ಪಿಕೊಂಡಿದ್ದಳು. ದಿನ ಹೆಚ್ಚಿರಲಿಲ್ಲ. ಕೆಲಸಕ್ಕೆ ಹೋಗುವ ಮುಂಚೆ ಬೆಳಗಿನ ಹೊತ್ತಿನಲ್ಲೇ ಎರಡು ಸಾವಿರ ತುಂಬಿಸಬೇಕು.

“ಅಷ್ಟೊತ್ತಿಗೆ ಒಬ್ಳೇ ಹೋಗ್ಬೇಡ” ಎಂದ ಸುಬ್ರಮಣಿ. ಮೊದಲನೇ ದಿನ ರಮ್ಯಳ ತಮ್ಮ ಜಗನ್ ಜೊತೆಗೆ ಹೋದ. ಯಲಹಂಕ ದಾಟುವಷ್ಟರಲ್ಲಿ “ಒತ್ತೇ, ಒಂದೇ ಒಂದ್ಸಲ ಒತ್ತೇ, ಆ ಡಬ್ಬಾ ಕಾರು ನಮ್ಮನ್ನ ಓವರ್‌ಟೇಕ್ ಮಾಡ್ತಿದೆ, ಮಾನ ಹೋಗ್ತಿದೆ ಕಣೇ” ಎಂದು ತಲೆ ತಿಂದುಬಿಟ್ಟ. ಅವಳು ಕಾರು ನಿಲ್ಲಿಸಿ ಅವನನ್ನು ಇಳಿಸಿದಳು. ಅವನು ಬಸ್ಸಿನಲ್ಲಿ ಮನೆಗೆ ಬಂದ.

ಮಾರನೇ ದಿನದಿಂದ ಪಕ್ಕದ ಸೀಟಿಗೆ ಮುನಿಕೆಂಪಮ್ಮ ಬಂದಳು. ಅವಳಿಗೆ ಇದೇನೂ ಹೊಸ ಕೆಲಸವಲ್ಲ. ಮದುವೆಯಾಗಿ ಬಂದ ವರ್ಷ ಮಾವ ದೊಡ್ಡಮುನಿಯಪ್ಪ ಹೊಸ ಹೋರಿಗಳನ್ನು ಗಾಡಿಗೆ ಕಟ್ಟಿ ಪಳಗಿಸುತ್ತಿದ್ದ. ಖಾಲಿ ಗಾಡಿ ಕಟ್ಟಿದರೆ ಹೋರಿ ಕುಣಿಯುತ್ತವೆ, ಮೂಟೆ ಹೇರಿದರೆ ಬೆದರುತ್ತವೆ. ಹಗುರವಾಗಿದ್ದು, ಗಾಡಿ ಎತ್ತಿಹಾಕಿದರೂ ಕಿರುಚದ ಒಂದು ಭಾರ ಬೇಕಿತ್ತು. “ಏನವ್ವಾ, ಕೂತ್ಕೊಂತೀಯಾ?” ಎಂದ ಮಾವ. ಸೊಸೆ ಹತ್ತಿ ಕೂತಳು. ಕೆರೆ ಏರಿ, ಕಲ್ಲು ದಾರಿ, ಹಳ್ಳ ಎಲ್ಲ ಸುತ್ತಿಸಿದರು. ಈಗ ಮೊಮ್ಮಗಳು ಬೆಲ್ಟು ಎಳೆದು ಕಟ್ಟುವಾಗ ಅದೇ ನೆನಪಾಯಿತು. “ನನ್ನ ಹಣೇಲಿ ಭಾರಕ್ಕೆ ಕೂರೋದೇ ಬರ್ದಿದೆ, ನಡಿ” ಎಂದಳು.

ದಿನಕ್ಕೊಂದು ದಾರಿ. ರಾಜಾನುಕುಂಟೆ ಮೇಲೆ ದೊಡ್ಡಬಳ್ಳಾಪುರ, ಹೆಸರಘಟ್ಟದ ಹುಲ್ಲುಗಾವಲಿನ ಪಕ್ಕ, ಬಾಗಲಗುಂಟೆಯ ನಾದಿನಿ ದ್ರೌಪದಮ್ಮನ ಮನೆ ಬಾಗಿಲಲ್ಲಿ ಒಂದು ಲೋಟ ಕಾಫಿ. ದ್ರೌಪದಮ್ಮ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, “ಇಷ್ಟು ತಗ್ಗಿದೆಯಲ್ಲ ಅತ್ತಿಗೆ, ನೀವು ಹತ್ತೋದೋ ಇಳಿಯೋದೋ ಇದ್ರೊಳಕ್ಕೆ?” ಎಂದಳು. ರಮ್ಯ ಒಂದೇ ವೇಗದಲ್ಲಿ ಓಡಿಸುತ್ತಿರಲಿಲ್ಲ. ಸ್ವಲ್ಪ ಏರಿಸುವಳು, ಇಳಿಸುವಳು. ಎಂಜಿನ್ ಎಷ್ಟು ಜೋರಾಗಿ ಸುತ್ತುತ್ತಿದೆ ಎಂದು ತೋರಿಸುವ ಮುಳ್ಳು ಐದರ ಗೆರೆ ಮುಟ್ಟುವ ಮುಂಚೆಯೇ ಕಾಲು ಸಡಿಲ ಬಿಡುವಳು. ಆ ಮುಳ್ಳು ಕಾಯುವ ಕೆಲಸ ಮುನಿಕೆಂಪಮ್ಮನದು. ನಾಲ್ಕು ದಾಟಿದರೆ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಬರುಬರುತ್ತ ಮುಳ್ಳು ನೋಡುವುದನ್ನು ಬಿಟ್ಟು ಸದ್ದಿನ ಮೇಲೇ ಹೇಳತೊಡಗಿದಳು.

ರಸ್ತೆಯ ಜನ ಸುಮ್ಮನಿರುತ್ತಾರೆಯೇ? ರಾಜಾನುಕುಂಟೆ ಹತ್ತಿರ ಒಂದು ಸ್ಕೂಟರಿನಲ್ಲಿದ್ದ ಇಬ್ಬರು ಹುಡುಗರು ಪಕ್ಕಕ್ಕೇ ಬಂದರು. “ಏನ್ ಸಮಾಚಾರ ಮೇಡಂ, ಕಾರಿಗೆ ಹುಷಾರಿಲ್ವಾ? ತಳ್ಬೇಕಾ?”

ಮುನಿಕೆಂಪಮ್ಮ ಗಾಜು ಇಳಿಸಿದಳು. “ಮುಂದಿನ ತಿಂಗ್ಳು ಬನ್ರಪ್ಪಾ. ಆಗ ಹಿಡಿದ್ರೆ ತಳ್ಳೀರಂತೆ.”

ಹೆಬ್ಬಾಳದ ಕಡೆಗೆ ಮಾತ್ರ ರಮ್ಯ ಒಂದು ದಿನವೂ ತಿರುಗಿಸಲಿಲ್ಲ. ಯಾಕೆಂದು ಮುನಿಕೆಂಪಮ್ಮ ಕೇಳಲಿಲ್ಲ. ಅಲ್ಲಿನ ಟ್ರಾಫಿಕ್ ಜಾಮ್ ಗೊತ್ತಿರುವ ಈ ಭಾಗದಲ್ಲಿ ಹೆಬ್ಬಾಳದ ಕಡೆ ಯಾಕೆ ಹೋಗುವುದಿಲ್ಲ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಎಲ್ಲವನ್ನೂ ಕೇಳಿದವಳು ಅದೊಂದನ್ನು ಬಿಟ್ಟಳು. ಎಡವಟ್ಟಾಗಿದ್ದು ಅಲ್ಲೇ.

ಇನ್ನು ಮುನ್ನೂರು ಚಿಲ್ಲರೆ ಕಿಲೋಮೀಟರ್ ಬಾಕಿಯಿರುವಾಗ ರಮ್ಯ ಕಟ್ಟಡದಲ್ಲಿ ಸೆಂಟ್ರಿಂಗ್ ಹಲಗೆಯ ಮೇಲೆ ಕಾಲಿಟ್ಟಳು, ಹಲಗೆ ಮಗುಚಿತು, ಬಲಗಾಲಿನ ಹರಡು ಉಳುಕಿ ಕುಂಬಳಕಾಯಿಯಾಯಿತು. ಮನೆಯಲ್ಲಿ ಅವಳ ಕೋಣೆ ಮೇಲಿನ ಮಹಡಿಯಲ್ಲಿತ್ತು. ಲಿಫ್ಟಿರುವ ಕೆಂಪಾಪುರದ ಸೋದರತ್ತೆ ಮನೆಯಲ್ಲಿ ಕಾಲು ವಾಸಿಯಾಗುವ ತನಕ ಇರಲಿ ಎಂದರು. ಹೋದಳು. ಫೋನಿನಲ್ಲಿ ಅವಳ ಧ್ವನಿ ಸಪ್ಪಗಿತ್ತು.

“ದಿನ ಹೋಗ್ತಿದೆ ಅಜ್ಜಿ. ಎಂಜಿನ್ ಸುಮ್ನೆ ನಿಂತ್ಬಿಟ್ಟಿದೆ. ಓಡ್ಬೇಕಿತ್ತು.”

ಮುನಿಕೆಂಪಮ್ಮ ಫೋನಿಟ್ಟು ಶೆಡ್ಡಿನಲ್ಲಿ ನಿಂತಿದ್ದ ಕಾರನ್ನು ನೋಡಿದಳು. ಎಂಜಿನ್ ಓಡಬೇಕು. ಅಷ್ಟೇ ತಾನೇ? ದ್ರಾಕ್ಷಿ ತೋಟದ ಬಾವಿಗೆ ಹೊಸ ಡೀಸೆಲ್ ಎಂಜಿನ್ ತಂದಾಗ ಫಿಟ್ಟರು ಅದಕ್ಕೆ ಪಂಪು ಜೋಡಿಸದೆ ಬೆಳಗಿನಿಂದ ಸಂಜೆ ತನಕ ಬರೀ ಓಡಿಸಿದ್ದ. “ಪಳಗಲಿ ಬಿಡಿ” ಎಂದಿದ್ದ. ಬಿಸಿಯಾಗದಂತೆ ಡ್ರಮ್ಮಿಗೆ ನೀರು ಹೊಯ್ಯುತ್ತ ಪಕ್ಕದಲ್ಲಿ ಕೂತಿದ್ದವಳು ಇದೇ ಮುನಿಕೆಂಪಮ್ಮ. ಬೆಳಿಗ್ಗೆ ಕೆಮ್ಮುತ್ತಿದ್ದ ಎಂಜಿನ್ನು ಸಂಜೆಗೆ ಒಂದೇ ಸಮ ತಾಳ ಹಿಡಿದದ್ದನ್ನು ಅವಳ ಕಿವಿಯೇ ಕೇಳಿತ್ತು.

ಮಾರನೇ ಬೆಳಿಗ್ಗೆ ದೇವರ ಪಟದ ಪಕ್ಕದ ಮೊಳೆಯಿಂದ ಕಾರಿನ ಕೀಲಿ ತೆಗೆದುಕೊಂಡಳು. ಇಷ್ಟು ದಿನ ಪಕ್ಕದಲ್ಲಿ ಕೂತು ನೋಡಿದ್ದಳಲ್ಲ, ಬ್ರೇಕು ತುಳಿಯಬೇಕು, ಕೆಂಪು ಗುಂಡಿ ಒತ್ತಬೇಕು. ಸೆರಗು ಸಿಕ್ಕಿಸಿ ಓಡಿಸುವವರ ಸೀಟಿನಲ್ಲಿ ಕೂತು ತುಳಿದು ಒತ್ತಿದಳು. ಕಾರು ಗುಟುರು ಹಾಕಿ ಎದ್ದಿತು. ಶೆಡ್ಡಿನ ಮೇಲೆ ಮಲಗಿದ್ದ ಬೆಕ್ಕು ಪಕ್ಕದ ಮನೆಗೆ ಹಾರಿತು. ಒಂದು ಗಳಿಗೆಯಲ್ಲಿ ಸದ್ದು ಇಳಿದು ಗುರುಗುರು ಎನ್ನತೊಡಗಿತು. ಕೈ ಸ್ಟೀರಿಂಗ್ ಮೇಲಿಟ್ಟು, ಕಣ್ಣು ಮುಚ್ಚಿ ಕೇಳುತ್ತ ಕೂತಳು. ಗೌರಮ್ಮ ಅಡುಗೆಮನೆ ಕಿಟಕಿಯಿಂದ ನೋಡಿ, ರಮ್ಯಳೇ ಹೇಳಿರಬೇಕು ಎಂದುಕೊಂಡು ಒಗ್ಗರಣೆಗೆ ಹೋದಳು. ತಿಂಡಿಗೆ ಕರೆಯುವ ತನಕ ಕಾರು ಓಡಿತು, ನಿಂತಲ್ಲೇ. ಹಾಗೆಯೇ ದಿನಾ ಬೆಳಿಗ್ಗೆ.

ರಮ್ಯ ಕುಂಟುತ್ತ ಮನೆಗೆ ಬಂದವಳು ಮೊದಲು ಹತ್ತಿದ್ದು ಕಾರನ್ನು. ಇಳಿದು ನೇರ ಜಗನ್ ಮುಂದೆ ನಿಂತಳು.

“ಕಾರು ತಗೊಂಡ್ಹೋಗಿದ್ಯಾ?”

“ನಾನ್ಯಾಕ್ ತಗೊಳ್ಲಿ? ನೀನು ಇಳಿಸಿದ್ಮೇಲೆ ಆ ಕಡೆ ತಲೆ ಹಾಕಿಲ್ಲ.”

“ಫುಲ್ ಟ್ಯಾಂಕ್ ಹಾಕ್ಸಿ ನಿಲ್ಸಿದ್ದೆ ಮಗಾ. ಮುಳ್ಳು ಕೆಳಗೆ ಬಿದ್ದಿದೆ.”

“ಕಿಲೋಮೀಟರ್ ನೋಡು ಮತ್ತೆ.”

“ಅದು ಅಲ್ಲೇ ಇದೆ. ಅದೇ ನಂಗೂ ಅರ್ಥ ಆಗ್ತಿಲ್ಲ. ಕುಡ್ದಿದ್ ಯಾರು ಪೆಟ್ರೋಲು?”

ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಮುನಿಕೆಂಪಮ್ಮ ಹೇಳಿದಳು, “ಅದೇ ಕುಡೀತು. ಕುಡಿಸಿದ್ದು ನಾನು.”

ಜಗನ್ ನಗಲು ಬಾಯಿ ತೆರೆದವನು ಅಕ್ಕನ ಮುಖ ನೋಡಿ ಮುಚ್ಚಿಕೊಂಡ. ರಮ್ಯ ಮೆಟ್ಟಿಲ ಮೇಲೆ ಕೂತಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಮುನಿಕೆಂಪಮ್ಮನಿಗೆ ಅನ್ನಿಸಿತು.

“ನಿಂತಲ್ಲೇ ಓಡಿಸ್ಬಾರ್ದಿತ್ತು ಅಜ್ಜಿ. ಹೊಸ ಎಂಜಿನ್‌ಗೆ ಅದೇ ಆಗ್ಬರಲ್ಲ. ಅದಕ್ಕೇ ಅಲ್ವಾ ನಾನು ಹೆಬ್ಬಾಳದ ಜಾಮ್ ಕಡೆ ಹೋಗ್ತಾನೇ ಇರ್ಲಿಲ್ಲ.”

ಅವರೆಕಾಳು ಬಟ್ಟಲಿಗೆ ಬೀಳುವ ಸದ್ದು ನಿಂತಿತು.

ಸರ್ವೀಸ್ ಸೆಂಟರಿಗೆ ಮುನಿಕೆಂಪಮ್ಮನೂ ಹೋದಳು. ಬೇಡ ಎಂದರೂ ಬಿಡಲಿಲ್ಲ. ಅಲ್ಲಿ ಕಾರು ನೋಡುತ್ತಿದ್ದವನು ಸರ್ಫರಾಜ್, ಆರ್.ಟಿ. ನಗರದವನು, ಮಾತು ಕಡಿಮೆ. ಕಾರನ್ನು ಎತ್ತಿ ಕೆಳಗಿನಿಂದ ಒಂದಿಷ್ಟು ಆಯಿಲ್ ಬಟ್ಟಲಿಗೆ ಬಿಟ್ಟು ಮೂಸಿದ. ಆಮೇಲೆ ಬಟ್ಟಲನ್ನು ಅವಳ ಮೂಗಿನ ಹತ್ತಿರವೂ ಹಿಡಿದ.

“ಪೆಟ್ರೋಲ್ ವಾಸನೆ ಬರ್ತಿದ್ಯಾ ಅಮ್ಮ?”

“ಬರ್ತದೆ. ಯಾಕಪ್ಪ?”

“ನಿಂತಲ್ಲೇ ಓಡ್ತಿದ್ರೆ ಒಳಗೆ ಒತ್ತಡ ಸಾಲಲ್ಲ. ಬಳೆಗಳು ಗೋಡೆಗೆ ಒತ್ತಿ ಕೂರಲ್ಲ. ಪೆಟ್ರೋಲು ಪಕ್ಕದಿಂದ ಕೆಳಗಿಳಿದು ಆಯಿಲ್‌ಗೆ ಸೇರುತ್ತೆ. ಗೋಡೆನೂ ಗಾಜಿನ ತರ ನುಣುಪಾಗ್ಬಿಡುತ್ತೆ. ಒಂದ್ಸಲ ನುಣುಪಾದ್ರೆ ಬಳೆಗೆ ಹಿಡಿತನೇ ಸಿಗಲ್ಲ.”

“ಅಂದ್ರೆ ಮೆತ್ತಗಿದ್ರೂ ಕೆಡ್ತದೆ.”

“ಜೋರಿಗೂ ಕೆಡುತ್ತೆ, ಮೆತ್ತಗೂ ಕೆಡುತ್ತೆ. ಕೆಲ್ಸ ಕೊಡ್ಬೇಕು ಅಮ್ಮ, ಸ್ವಲ್ಪ ಸ್ವಲ್ಪ.”

ಮುನಿಕೆಂಪಮ್ಮ ಅದನ್ನೇ ಯೋಚಿಸುತ್ತ ನಿಂತಳು. ತೋಟದ ಎಂಜಿನ್ನು ಬಾವಿ ಬಿಟ್ಟು ಒಂದು ಹೆಜ್ಜೆ ಕದಲಲಿಲ್ಲ. ನಿಂತಲ್ಲೇ ದುಡಿಯುವ ಅದನ್ನು ನಿಂತಲ್ಲೇ ಪಳಗಿಸಿದರು. ಹೋರಿಗಳನ್ನು ಯಾರೂ ಕೊಟ್ಟಿಗೆಯಲ್ಲಿ ಕಟ್ಟಿ ಪಳಗಿಸಲಿಲ್ಲ, ಏರಿ ಹತ್ತಿಸಿದರು, ಹಳ್ಳ ಇಳಿಸಿದರು. ನೆನಪೇನೋ ಎರಡೂ ಇತ್ತು. ಇವಳು ತಪ್ಪಾದದ್ದನ್ನು ಎತ್ತಿಕೊಂಡಿದ್ದಳು.

“ಕೆಟ್ಟೋಯ್ತಾ ಅಂತ ಎಂಗಪ್ಪಾ ತಿಳಿಯೋದು?”

ಸರ್ಫರಾಜ್ ರಮ್ಯಳ ಕಡೆ ತಿರುಗಿ ಹೇಳಿದ. ಆಯಿಲ್ ಈಗಲೇ ಬದಲಾಯಿಸೋಣ. ಉಳಿದ ಮುನ್ನೂರನ್ನು ಏರು ತಗ್ಗಿನಲ್ಲಿ ಓಡಿಸಿ, ಏರಿನಲ್ಲಿ ಎಂಜಿನ್ ಎಳೆಯಲಿ, ಇಳಿಜಾರಿನಲ್ಲಿ ಕಾಲು ಪೂರ್ತಿ ಬಿಡಿ. ಕೊನೆಗೆ ಒಂದು ಪರೀಕ್ಷೆ. ಉದ್ದ ಇಳಿಜಾರು ಇಳಿದು ಮತ್ತೆ ಏರಿಗೆ ಒತ್ತಿದಾಗ ಹಿಂದೆ ನೀಲಿ ಹೊಗೆ ಬಂದರೆ ಬಳೆಗಳು ಕೂತಿಲ್ಲ ಎಂದರ್ಥ. “ನೀಲಿ ಬಂದ್ರೆ ಟ್ರ್ಯಾಕ್ ಮರೆತ್ಬಿಡಿ ಮೇಡಂ. ನಾನು ಸರ್ವೀಸ್ ಬುಕ್ಕಿಗೆ ಸೀಲ್ ಹಾಕಲ್ಲ.”

ಅಂದಿನಿಂದ ನಂದಿ ಬೆಟ್ಟದ ತಪ್ಪಲಿನ ಏರಿಳಿತದ ದಾರಿ. ರಮ್ಯಳ ಕಾಲು ಇನ್ನೂ ಪೂರ್ತಿ ವಾಸಿಯಾಗಿರಲಿಲ್ಲ, ಪಟ್ಟಿ ಕಟ್ಟಿಕೊಂಡೇ ಓಡಿಸಿದಳು. ಮಾತು ಕಡಿಮೆಯಾಗಿತ್ತು. ಒಂದು ಬೆಳಿಗ್ಗೆ ಮುನಿಕೆಂಪಮ್ಮನೇ ಕೇಳಿದಳು, “ನನ್ನ ಮ್ಯಾಲೆ ಸಿಟ್ಟಾ?”

“ಸಿಟ್ಟಿಲ್ಲ. ಭಯ.”

“ನಂಗೂ ಅದೇ” ಎಂದಳು ಅಜ್ಜಿ. ಆಮೇಲೆ ಇಬ್ಬರಿಗೂ ಸ್ವಲ್ಪ ಹಗುರವಾಯಿತು.

ಕೊನೆಯ ದಿನ ಏರಿನ ತುದಿಯಲ್ಲಿ ಕಡಲೆಕಾಯಿ ಬೇಯಿಸಿ ಮಾರುವವಳ ಗಾಡಿಯ ಪಕ್ಕ ಅಜ್ಜಿಯನ್ನು ಇಳಿಸಿ ರಮ್ಯ ಹೇಳಿದಳು, “ನಾನು ಆ ಕಡೆ ಇಳಿಜಾರಿಂದ ಬಂದು ಈ ಏರಿಗೆ ಒತ್ತೀನಿ. ನಿನ್ನ ದಾಟೋವಾಗ ಹಿಂದೆ ನೋಡು. ಒಲೆ ಮುಂದೆ ಕೂತೋಳು ನೀನು, ಹೊಗೆ ನಿಂಗೆ ಗೊತ್ತಾದಷ್ಟು ನಂಗೆ ಗೊತ್ತಾಗಲ್ಲ.”

ಕಾರು ಹೋಯಿತು. ಮುನಿಕೆಂಪಮ್ಮ ರಸ್ತೆಯಂಚಿನಲ್ಲಿ ನಿಂತಳು. ಹಸಿ ಸೌದೆಯ ಹೊಗೆ ಬಿಳಿ, ಒಣಗಿದ್ದರದು ತೆಳು, ಎಣ್ಣೆ ಸುಟ್ಟರೆ ನೀಲಿ. ಅವಳಿಗೆ ಗೊತ್ತಿಲ್ಲದ್ದೇನಲ್ಲ. ಸದ್ದು ಮೊದಲು ಕೇಳಿಸಿತು, ಇಳಿಜಾರಿನಲ್ಲಿ ಗೊಣಗುತ್ತ ಬಂದು, ತಿರುವಿನಲ್ಲಿ ತಡೆದು, ಏರಿಗೆ ತೊಡೆ ತಟ್ಟಿದ ಹಾಗೆ ಎದ್ದಿತು. ಕಾರು ದಾಟಿತು. ಹಿಂದೆ ಏನೋ ತೇಲಿತು.

ರಮ್ಯ ತಿರುಗಿಸಿಕೊಂಡು ಬಂದು ಗಾಜು ಇಳಿಸಿದಳು. “ಬಂತಾ?”

ಇಲ್ಲ ಎಂದುಬಿಡಬಹುದಿತ್ತು. ನಾಲಗೆಯ ತುದಿಯಲ್ಲೇ ಇತ್ತು. ಸೀಲ್ ಬೀಳುತ್ತಿತ್ತು, ಹುಡುಗಿ ಟ್ರ್ಯಾಕಿಗೆ ಹೋಗುತ್ತಿದ್ದಳು, ತನ್ನ ತಪ್ಪು ಮಣ್ಣಾಗುತ್ತಿತ್ತು. ಆದರೆ ಟ್ರ್ಯಾಕಿನಲ್ಲಿ ಎಂಜಿನ್ನಿನ ಹೊಟ್ಟೆಯೇ ಹರಿದುಹೋದರೆ?

“ಏನೋ ಕಂಡ್ತು. ಮಂಜೋ, ಹೊಗೆಯೋ ತಿಳೀಲಿಲ್ಲ. ಬಿಸ್ಲು ಬರಲಿ. ಆಮೇಲೆ ಇನ್ನೊಂದು ಕಿತ ಬಾ.”

ರಮ್ಯಳ ಮುಖ ಇಳಿಯಿತು. ಆದರೂ ಎಂಜಿನ್ ಆರಿಸಿ ಕಾರಿನಿಂದಿಳಿದಳು. ಇಬ್ಬರೂ ಬಿಸಿ ಕಡಲೆಕಾಯಿ ತಿನ್ನುತ್ತ ಕಾದರು. ಕಡಲೆಕಾಯಿಯವಳ ಒಲೆಗೆ ಯಾವ ಸೌದೆ, ಎಲ್ಲಿಂದ ತರುತ್ತಾಳೆ ಎಂಬುದನ್ನೆಲ್ಲ ಮುನಿಕೆಂಪಮ್ಮ ತಿಳಿದುಕೊಂಡಳು. ಮಂಜು ಹೊಲಗಳ ಮೇಲಿನಿಂದ ನಿಧಾನವಾಗಿ ಎದ್ದುಹೋಯಿತು. ರಸ್ತೆ ಮೇಲೆ ಮರದ ನೆರಳು ಬಿದ್ದ ಮೇಲೆ “ಈಗ ಓಗು” ಎಂದಳು.

ಈ ಸಲ ಕಡಲೆಕಾಯಿಯವಳನ್ನೂ ಜೊತೆಗೆ ನಿಲ್ಲಿಸಿಕೊಂಡಳು. ಒಂದು ಕಣ್ಣು ಮೋಸ ಮಾಡಿದರೆ ಇನ್ನೊಬ್ಬಳದಿರಲಿ ಎಂದು. ಕಾರು ಇಳಿಜಾರಿನಿಂದ ಬಂತು, ತಡೆಯಿತು, ಎದ್ದಿತು, ದಾಟಿತು. ಇಬ್ಬರು ಹೆಂಗಸರೂ ಸೊಂಟ ಬಗ್ಗಿಸಿ ಅದರ ಹಿಂದೆ ನೋಡಿದರು. ಬರೀ ಬಿಸಿಲು. ರಸ್ತೆಯ ಮೇಲಿನ ಗಾಳಿ ಒಂದಿಷ್ಟು ನಡುಗಿತು, ಅಷ್ಟೇ.

“ಏನಾದ್ರೂ ಕಂಡ್ತಾ?”

“ಏನೂ ಇಲ್ಲ ಕಣಕ್ಕ. ಕಾಣ್ಬೇಕಿತ್ತಾ?”

“ಕಾಣ್ಬಾರ್ದಿತ್ತು” ಎಂದು ಮುನಿಕೆಂಪಮ್ಮ ಇನ್ನೊಂದು ಪೊಟ್ಟಣ ಕಡಲೆಕಾಯಿ ಕೊಂಡಳು.

ರಮ್ಯ ಬಂದಾಗ ಮುನಿಕೆಂಪಮ್ಮ “ನೀಲಿ ಇಲ್ಲ” ಎಂದಳು. ರಮ್ಯ ಎರಡನೇ ಸಲ ಕೇಳಲಿಲ್ಲ. ಮೊದಲ ಸಲ ತಿಳೀಲಿಲ್ಲ ಎಂದವಳ ಮಾತು ಅದು, ನಂಬಿದಳು. ಮನೆಗೆ ಬರುವ ದಾರಿಯಲ್ಲಿ ಎರಡು ಸಾವಿರ ತುಂಬಿತು. “ಒತ್ಲಾ ಅಜ್ಜಿ?” ಎಂದಳು. ಮುನಿಕೆಂಪಮ್ಮ ಗಂಟಲು ಸರಿಮಾಡಿಕೊಂಡಳು. “ಆ ಹುಡುಗ ನೋಡ್ಲಿ ಮೊದ್ಲು.” ಸರ್ಫರಾಜ್ ನೋಡಿದ, ಆಯಿಲ್ ಮೂಸಿದ, ಈ ಸಲ ಅವಳಿಗೂ ಮೂಸಲು ಕೊಟ್ಟು ಅವಳು ತಲೆಯಾಡಿಸಿದ ಮೇಲೆಯೇ ಸೀಲ್ ಹಾಕಿದ.

ಆ ಭಾನುವಾರ ಟ್ರ್ಯಾಕಿಗೆ ಸುಬ್ರಮಣಿಯೂ ಬಂದ. ಬರುವುದಿಲ್ಲ ಎಂದಿದ್ದವನು, “ಅವ್ವ ಹೋಗ್ತಾಳಲ್ಲ, ಯಾರಾದ್ರೂ ಬೇಕಲ್ಲ ನೋಡ್ಕೊಳ್ಳೋಕೆ” ಎಂದು ತಾನೇ ಕಾರಣ ಹುಡುಕಿಕೊಂಡು ಹೊರಟಿದ್ದ. ತಂತಿ ಬೇಲಿಯ ಈಚೆಗೆ ಕುರ್ಚಿ ಹಾಕಿಕೊಟ್ಟ. ಕಿವಿಗೆ ಇಟ್ಟುಕೊಳ್ಳಲೆಂದು ಯಾರೋ ಕೊಟ್ಟ ಹತ್ತಿಯನ್ನು ಮುನಿಕೆಂಪಮ್ಮ ಸೆರಗಿನ ತುದಿಗೆ ಕಟ್ಟಿಕೊಂಡಳು. ಹಳದಿ ಬಾವುಟ ಹಿಡಿದವನ ಹತ್ತಿರ ಹಳದಿಗೇನು, ಕೆಂಪಿಗೇನು, ಕಪ್ಪಿಗೇನು ಎಂದು ಕೇಳಿ ಮುಗಿಸುವಷ್ಟರಲ್ಲಿ ದೂರದಿಂದ ಸದ್ದು ಬಂತು. ಬೇರೆ ಕಾರುಗಳೂ ಇದ್ದವು. ಆದರೆ ಇದು ಯಾವುದು ಎಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ನಾಲ್ಕು ದಾಟಿತು. ಐದು ದಾಟಿತು. ಅವಳು ಈವರೆಗೆ ಕೇಳಿರದ ಕಡೆಗೆ ಏರಿತು.

ಎದ್ದು ಬೇಲಿ ಹಿಡಿದು ನಿಂತಳು. ದ್ರಾಕ್ಷಿಯ ಬಣ್ಣ ಒಂದು ಕ್ಷಣ ಕಣ್ಣ ಮುಂದೆ ಮಿಂಚಿ ಹೋಯಿತು. ಸುಬ್ರಮಣಿ ಅವಳ ರಟ್ಟೆ ಹಿಡಿದುಕೊಂಡಿದ್ದ, ತನಗೆ ಗೊತ್ತಿಲ್ಲದೆ.

“ನೋಡಿದ್ಯೇನವ್ವ? ನೋಡಿದ್ಯಾ ಹೆಂಗ್ ಹೋದ್ಲು?”

“ಇಲ್ಲ ಕಣಪ್ಪ” ಎಂದಳು ಮುನಿಕೆಂಪಮ್ಮ. “ನಾನು ಹಿಂದೆ ಹೊಗೆ ನೋಡ್ತಿದ್ದೆ.”

“ಬಂತಾ?”

“ಇಲ್ಲ.”

ಮತ್ತೆ ಕುರ್ಚಿಗೆ ಬಂದು ಕೂತು ಸೆರಗು ಸರಿಮಾಡಿಕೊಂಡಳು. ದುಂಡಗಿನ ದಾರಿ, ಸುತ್ತು ಹಾಕಿ ಇಲ್ಲಿಗೇ ಬರಬೇಕು. ಈ ಸಲ ಕಾರನ್ನು ನೋಡಿದರಾಯಿತು ಎಂದುಕೊಂಡು, ಬಾವುಟದವನ ಕಡೆ ತಿರುಗಿ ಕೇಳಿದಳು:

“ಕಪ್ಪು ಬಾವುಟ ಯಾವುದಕ್ಕೆ ಅಂದೆ?”